ನಮ್ಮ ಕಾರ್ನರ್ ಎದುರಾಳಿ ಟೀಮಿಗೆ ಹೋದರೆ ಅದು ಮೋಸವಾ? ಕಬಡ್ಡಿ ಹರಾಜಿನ ಲೆಕ್ಕ ಹೀಗಿದೆ ನೋಡಿ

ಬಂಟ್ವಾಳ: ಬಿ.ಸಿ.ರೋಡ್‌ನ ಹೋಟೆಲಿನಲ್ಲಿ ಕೂತರೂ ಸರಿ, ಗುರುವಾಯನಕೆರೆಯ ಸೆಲೂನಿನಲ್ಲಿ ಕೂತರೂ ಸರಿ, ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಸರಿ, ಪ್ರೊ ಕಬಡ್ಡಿ ಹರಾಜಿನ ಸಮಯ ಬಂತೆಂದರೆ ಚರ್ಚೆ ಒಂದೇ. "ಬುಲ್ಸ್‌ನವರಿಗೆ ತಲೆ ಉಂಟಾ ಮಾರಾಯ್ರೆ, ಅವನನ್ನು ಯಾಕೆ ಬಿಟ್ಟದ್ದು?" ಎಂದು ಒಬ್ಬರು. "ಅವರು ಬಿಟ್ಟದ್ದಲ್ಲ, ಅವನೇ ದುಡ್ಡಿಗೆ ಹೋದದ್ದು" ಎಂದು ಇನ್ನೊಬ್ಬರು. ಚಹಾ ತಣಿದರೂ ಮಾತು ಮುಗಿಯುವುದಿಲ್ಲ.

ಈ ಎರಡು ಮಾತೂ ಪೂರ್ತಿ ಸರಿಯಲ್ಲ. ಆಟಗಾರ ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವುದರ ಹಿಂದೆ ಅಂಗಡಿ ನಡೆಸುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಲೆಕ್ಕ ಉಂಟು. ಕೈಯಲ್ಲಿ ಇರುವ ಹಣ ಇಷ್ಟೇ, ತುಂಬಿಸಬೇಕಾದ ಸಾಮಾನು ಇಷ್ಟು. ಆ ಲೆಕ್ಕ ಗೊತ್ತಾದರೆ ಯಾರನ್ನು ಬೈಯಬೇಕು, ಯಾರನ್ನು ಬೈಯಬಾರದು ಅಂತಲೂ ಗೊತ್ತಾಗುತ್ತದೆ.

ಆಟಗಾರ ತಂಡ ಬದಲಿಸುವುದು ಹೇಗೆ?

2014ರ ಜುಲೈ 26ರಂದು 8 ತಂಡಗಳೊಂದಿಗೆ ಶುರುವಾದ ಪ್ರೊ ಕಬಡ್ಡಿಯಲ್ಲಿ 2017ರಿಂದ 12 ತಂಡಗಳಿವೆ. ಹರಾಜಿಗೆ ಮೊದಲು ಪ್ರತಿ ತಂಡ ತನಗೆ ಬೇಕಾದ ಕೆಲವರನ್ನು ಉಳಿಸಿಕೊಳ್ಳುತ್ತದೆ. ಉಳಿದವರು ಹರಾಜಿಗೆ ಬರುತ್ತಾರೆ. ಅಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವಿಭಾಗ. ಮೂಲ ಬೆಲೆ ಕ್ರಮವಾಗಿ 30 ಲಕ್ಷ, 20 ಲಕ್ಷ, 13 ಲಕ್ಷ ಮತ್ತು 9 ಲಕ್ಷ ರೂಪಾಯಿ.

ಹರಾಜಿನಲ್ಲಿ ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನು ತಾನೇ ಕೊಟ್ಟು ಹಳೆಯ ಆಟಗಾರನನ್ನು ವಾಪಸ್ ಪಡೆಯುವ ಅವಕಾಶವೂ ಹಳೆಯ ತಂಡಕ್ಕೆ ಇದೆ. ಇದಕ್ಕೆ ಎಫ್‌ಬಿಎಂ ಕಾರ್ಡ್ ಎನ್ನುತ್ತಾರೆ. ಆದರೆ ಅದನ್ನು ಬೇಕಾದಷ್ಟು ಸಲ ಎತ್ತುವ ಹಾಗಿಲ್ಲ, ಮಿತಿ ಇದೆ. ಹಾಗಾಗಿ "ಬಿಟ್ಟರು" ಎಂಬ ಮಾತಿಗೆ ಹೆಚ್ಚಿನ ಸಲ ಅರ್ಥ ಇಷ್ಟೇ: ಆ ಬೆಲೆಗೆ ತಂಡಕ್ಕೆ ಪೂರೈಸಲಿಲ್ಲ.

5 ಕೋಟಿಯ ಪರ್ಸ್

ಇತ್ತೀಚಿನ ಹರಾಜುಗಳಲ್ಲಿ ಒಂದು ತಂಡ ಒಟ್ಟು ಖರ್ಚು ಮಾಡಬಹುದಾದ ಹಣ 5 ಕೋಟಿ ರೂಪಾಯಿ. ಉಳಿಸಿಕೊಂಡ ಆಟಗಾರರ ಸಂಬಳವೂ ಇದರಲ್ಲೇ ಕಡಿತ. ತಂಡದಲ್ಲಿ ಕನಿಷ್ಠ 18 ಮಂದಿ ಇರಲೇಬೇಕು.

ಈಗ ಒಬ್ಬ ಸ್ಟಾರ್ ಆಟಗಾರನಿಗೆ 2.23 ಕೋಟಿ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಉಳಿಯುವುದು 2.77 ಕೋಟಿ. ಅದನ್ನು ಉಳಿದ 17 ಮಂದಿಗೆ ಹಂಚಿದರೆ ತಲೆಗೆ ಸರಾಸರಿ 16 ಲಕ್ಷ ಚಿಲ್ಲರೆ. ಅಂಗಡಿಯ ಅರ್ಧ ಬಂಡವಾಳವನ್ನು ಒಂದೇ ಸಾಮಾನಿಗೆ ಹಾಕಿದ ಹಾಗೆ. ಹೋದರೆ ಒಳ್ಳೆಯ ಲಾಭ, ಹೋಗದಿದ್ದರೆ ಉಳಿದ ಕಪಾಟು ಖಾಲಿ.

2023ರಲ್ಲಿ ತೆಲುಗು ಟೈಟಾನ್ಸ್ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2.605 ಕೋಟಿ, ಅಂದರೆ ಪರ್ಸಿನ ಅರ್ಧಕ್ಕಿಂತ ಜಾಸ್ತಿ. ಪವನ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 2019ರ ಜನವರಿ 5ರ ಫೈನಲಿನಲ್ಲಿ ಗುಜರಾತ್ ವಿರುದ್ಧ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ 38-33ರಿಂದ ಕಪ್ ಗೆಲ್ಲಿಸಿದವರು ಅವರೇ. ಆದರೂ ಆ ಸೀಸನ್ನಿನಲ್ಲಿ ಟೈಟಾನ್ಸ್ ಮುಗಿಸಿದ್ದು ಕೊನೆಯ ಸ್ಥಾನದಲ್ಲಿ. ಒಬ್ಬ ರೈಡರ್ ಎಷ್ಟು ಸಲ ಅಂತ ಹೋಗಿ ಬರುವುದು?

ಕಾರ್ನರ್ ಎಂದರೆ ಕಬಡ್ಡಿಯ ಗೋಲ್‌ಕೀಪರ್

ಹಾಕಿಯಲ್ಲಿ ಗೋಲು ಹೊಡೆದವನ ಹೆಸರು ಮೊದಲು ಬರುತ್ತದೆ. ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿ ವಿರುದ್ಧ ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರನ್ನು ಶ್ರೀಜೇಶ್ ತಡೆಯದೆ ಇದ್ದಿದ್ದರೆ ಆ ಕಂಚು ಕೈತಪ್ಪುವ ಸಂಭವ ಇತ್ತು. ಕಬಡ್ಡಿಯಲ್ಲಿ ಆ ಕೆಲಸ ಮಾಡುವವರು ಎರಡು ತುದಿಯಲ್ಲಿ ನಿಲ್ಲುವ ಕಾರ್ನರ್‌ಗಳು.

ರೈಡರ್ ಬೋನಸ್ ಗೆರೆಗೆ ಕಾಲು ಹಾಕುವಾಗ ಹಿಂದಿನಿಂದ ಪಾದ ಹಿಡಿಯುವುದು ಅವರು. ಮೊದಲ ಹಿಡಿತ ಅವರದ್ದು, ಕವರ್‌ನವರು ಬಂದು ಬೀಳುವುದು ಆಮೇಲೆ. ಕಾರ್ನರ್ ಅರ್ಧ ಸೆಕೆಂಡ್ ಮೊದಲೇ ಹಾರಿದರೆ ಎದುರಾಳಿಗೆ ಅಂಕ, ತಡ ಮಾಡಿದರೂ ಎದುರಾಳಿಗೆ ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಲ್‌ಔಟ್ ಆಗುವುದೂ ತಪ್ಪುತ್ತದೆ.

ಹಾಗಾದರೆ ಕಾರ್ನರ್ ತಂಡ ಬದಲಿಸಿದರೆ ಎಂತ ಆಗುತ್ತದೆ? ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರ ಕಥೆ ನೋಡಿ. 2023ರಲ್ಲಿ ಪುಣೇರಿ ಪಲ್ಟನ್ ಅವರನ್ನು 2.35 ಕೋಟಿಗೆ ಕೊಂಡಿತು. 2024ರ ಮಾರ್ಚ್ 1ರ ಫೈನಲಿನಲ್ಲಿ ಪುಣೆ 28-25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿತು. ಮುಂದಿನ ಹರಾಜಿನಲ್ಲಿ ಅದೇ ಹರಿಯಾಣ 2.07 ಕೋಟಿ ಕೊಟ್ಟು ಶಾದ್ಲೂಯಿಯನ್ನು ತನ್ನ ಕಡೆಗೆ ತಂದಿತು. 2024ರ ಡಿಸೆಂಬರ್ 29ರಂದು ಪಟ್ನಾ ವಿರುದ್ಧ 32-23ರಿಂದ ಗೆದ್ದು ಹರಿಯಾಣ ಚಾಂಪಿಯನ್. ಸೋಲಿಸಿದವನನ್ನೇ ಕರೆದುಕೊಂಡು ಬಂದು ಕಪ್ ಎತ್ತಿದ ಹಾಗೆ ಆಯಿತು. 2025ರಲ್ಲಿ ಗುಜರಾತ್ 2.23 ಕೋಟಿಗೆ ಅವರನ್ನು ಒಯ್ದಿತು. ಆ ವರ್ಷ ಮಾತ್ರ ಗುಜರಾತ್‌ಗೆ ಕಪ್ ಬರಲಿಲ್ಲ. ಒಬ್ಬ ಒಳ್ಳೆಯ ಕಾರ್ನರ್ ಬೇಕೇ ಬೇಕು, ಆದರೆ ಅವನೊಬ್ಬನೇ ಸಾಲುವುದಿಲ್ಲ.

30 ಲಕ್ಷದ ಅನುಭವ

2025ರ ಮೇ 31 ಮತ್ತು ಜೂನ್ 1ರಂದು ಮುಂಬೈಯಲ್ಲಿ ನಡೆದ ಹರಾಜಿನಲ್ಲಿ ದಬಾಂಗ್ ದೆಹಲಿಯ ಅಭಿಮಾನಿಗಳಿಗೆ ದೊಡ್ಡ ಬೇಸರ. ವರ್ಷಗಟ್ಟಲೆ ತಂಡದ ಮುಖವಾಗಿದ್ದ ರೈಡರ್ ನವೀನ್ ಕುಮಾರ್ 1.20 ಕೋಟಿಗೆ ಹರಿಯಾಣಕ್ಕೆ ಹೋದರು. ಬಲ ಕಾರ್ನರ್ ಯೋಗೇಶ್ ದಹಿಯಾ 1.125 ಕೋಟಿಗೆ ನಮ್ಮ ಬುಲ್ಸ್‌ಗೆ ಬಂದರು. ದೆಹಲಿ ತನ್ನ ರೈಡರ್ ಆಶು ಮಲಿಕ್ ಒಬ್ಬರಿಗೆ 1.90 ಕೋಟಿ ಹಾಕಿ ಎಫ್‌ಬಿಎಂ ಕಾರ್ಡ್ ಎತ್ತಿತು. ಮತ್ತೆ ಉಳಿದ ಹಣದಲ್ಲಿ ಎಡ ಕಾರ್ನರ್‌ಗೆ ಇರಾನಿನ ಹಿರಿಯ ಆಟಗಾರ ಫಜಲ್ ಅತ್ರಾಚಲಿಯನ್ನು ಕೇವಲ 30 ಲಕ್ಷಕ್ಕೆ ಹಿಡಿಯಿತು. ಎರಡೇ ವರ್ಷ ಮೊದಲು ಇದೇ ಫಜಲ್‌ಗೆ ಗುಜರಾತ್ 1.60 ಕೋಟಿ ಕೊಟ್ಟಿತ್ತು.

"ಮುದುಕನಿಗೆ ದುಡ್ಡು ಹಾಕಿದ್ರು" ಎಂದು ನಕ್ಕವರು ಇದ್ದರು. 2025ರ ಅಕ್ಟೋಬರ್ 31ರಂದು ಫೈನಲ್. ದೆಹಲಿ 31, ಪುಣೆ 28. ಪಂದ್ಯದ ಕೊನೆಯ ಹಂತದಲ್ಲಿ ಎದುರಾಳಿ ರೈಡರನ್ನು ಹಿಡಿದು ಕಪ್ ಉಳಿಸಿದವರು ಅದೇ ಫಜಲ್.

ನಮ್ಮ ಬುಲ್ಸ್ ಕಥೆಯೂ ಇದಕ್ಕೆ ಹೊರತಲ್ಲ. 2024ರಲ್ಲಿ ಪ್ರದೀಪ್ ನರ್ವಾಲ್‌ಗೆ 70 ಲಕ್ಷ, ಅಜಿಂಕ್ಯ ಪವಾರ್‌ಗೆ 1 ಕೋಟಿಗೂ ಜಾಸ್ತಿ ಕೊಟ್ಟು ರೈಡಿಂಗ್ ಗಟ್ಟಿ ಮಾಡಿಕೊಂಡಿತು. ಬಂದದ್ದು ಕೊನೆಯ ಸ್ಥಾನ. 2025ರಲ್ಲಿ ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಇವರು ಬಂಗಾಳಕ್ಕೂ ಪುಣೆಗೂ ಕಪ್ ಗೆಲ್ಲಿಸಿ ಬಂದವರು. ಈ ಸಲ ಡಿಫೆನ್ಸಿಗೆ ಹಣ ಹೋಯಿತು, ತಂಡ ಪ್ಲೇಆಫ್ ಹಂತಕ್ಕೆ ತಲುಪಿತು.

"ದುಡ್ಡಿಗೆ ಹೋದ" ಎನ್ನುವ ಮೊದಲು

ಪವನ್ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್‌ಗೆ ಹೋದಾಗ ಇಲ್ಲಿ ಎಷ್ಟೋ ಮಂದಿ ಬೈದದ್ದುಂಟು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಹೋಯಿತು. 2025ರಲ್ಲಿ ಅದೇ ತಲೈವಾಸ್ ಅವರನ್ನು ಕೊಂಡದ್ದು 59.50 ಲಕ್ಷಕ್ಕೆ.

ಪ್ರದೀಪ್ ನರ್ವಾಲ್ ಪಟ್ನಾಕ್ಕೆ ಸಾಲಾಗಿ ಮೂರು ಕಪ್ ತಂದವರು, 1,801 ರೈಡ್ ಅಂಕ ಗಳಿಸಿದವರು. 2021ರಲ್ಲಿ ಯು.ಪಿ. ಯೋಧಾ ಕೊಟ್ಟದ್ದು 1.65 ಕೋಟಿ, 2024ರಲ್ಲಿ ಬುಲ್ಸ್ ಕೊಟ್ಟದ್ದು 70 ಲಕ್ಷ, 2025ರಲ್ಲಿ ಯಾರೂ ಕೂಗಲೇ ಇಲ್ಲ. ಅವರು ನಿವೃತ್ತಿ ಹೇಳಿದರು. ಕಬಡ್ಡಿ ಆಟಗಾರನ ದುಡಿಮೆಯ ಕಾಲ ಹತ್ತು ಹನ್ನೆರಡು ವರ್ಷ, ಅದೂ ಮೊಣಕಾಲು ಸರಿ ಇದ್ದರೆ.

ನಮ್ಮ ಕರಾವಳಿಯ ಹುಡುಗರೂ ಹಾಗೆಯೇ ಊರೂರು ತಿರುಗಿದವರು. ಪ್ರಶಾಂತ್ ಕುಮಾರ್ ರೈ ಯು.ಪಿ., ಹರಿಯಾಣ ಎಂದು ಆಡಿ, ಪಟ್ನಾದ ನಾಯಕನಾಗಿ 2022ರ ಫೈನಲ್ ತನಕ ಹೋದರು. ಒಂದೇ ಅಂಕದಿಂದ, 37-36ಕ್ಕೆ, ಕಪ್ ದೆಹಲಿಯ ಪಾಲಾಯಿತು. ಸುಕೇಶ್ ಹೆಗ್ಡೆ ತೆಲುಗು ಟೈಟಾನ್ಸ್, ಗುಜರಾತ್, ತಮಿಳ್ ತಲೈವಾಸ್, ಬಂಗಾಳ ತಂಡಗಳಿಗೆ ಆಡಿದರು. ಅವರು ಅಲ್ಲಿ ಗೆದ್ದಾಗ ನಾವು "ನಮ್ಮವ" ಎಂದು ಚಪ್ಪಾಳೆ ಹೊಡೆದೆವು. ಹರಿಯಾಣದ ಹುಡುಗ ಬೆಂಗಳೂರು ಬಿಟ್ಟು ಹೋದರೆ ಮಾತ್ರ ಅದು ಮೋಸ ಹೇಗಾಗುತ್ತದೆ?

ನಮ್ಮೂರಿನ ಅಂಕಣದಲ್ಲಿ

ಟಿವಿಯ ಹರಾಜು ಈಗ ನಮ್ಮ ಗ್ರಾಮಕ್ಕೂ ಬಂದಿದೆ. ಅಂಡರ್ ಆರ್ಮ್ ಕ್ರಿಕೆಟಿನ ಪ್ರೀಮಿಯರ್ ಲೀಗುಗಳಲ್ಲಿ ಪಾಯಿಂಟ್ ಲೆಕ್ಕದಲ್ಲಿ ಬಿಡ್ಡಿಂಗ್, ಐಕಾನ್ ಪ್ಲೇಯರ್ ಎಲ್ಲ ಉಂಟು. ಹೊನಲು ಬೆಳಕಿನ ಮ್ಯಾಟ್ ಕಬಡ್ಡಿ ಪಂದ್ಯಾಟದಲ್ಲಿ ಹೊರಗಿನ ಆಟಗಾರನನ್ನು ಒಂದು ರಾತ್ರಿಗೆ ಕರೆತರುವುದೂ ಹೊಸತಲ್ಲ. ಕಳೆದ ಶನಿವಾರ ವೇಣೂರಿನ ತಂಡಕ್ಕೆ ಆಡಿದವನು ಈ ಶನಿವಾರ ಸಿದ್ದಕಟ್ಟೆಯ ತಂಡದ ಜೆರ್ಸಿಯಲ್ಲಿ ಕಂಡರೆ ಯಾರಿಗೂ ಆಶ್ಚರ್ಯವಿಲ್ಲ.

ಆದರೆ ದೊಡ್ಡ ಲೀಗಿನಲ್ಲಿ ಇರುವ ಎರಡು ಸಂಗತಿ ಇಲ್ಲಿ ಹೆಚ್ಚಾಗಿ ಇಲ್ಲ. ಒಂದು, ಕರಾರು. ಅಲ್ಲಿ ಎಷ್ಟು ಹಣ, ಎಷ್ಟು ಸಮಯ ಎಂಬುದು ಕಾಗದದಲ್ಲಿ ಇರುತ್ತದೆ. ಇಲ್ಲಿ ಫೋನಿನಲ್ಲಿ ಒಂದು ಮಾತು, ಅಷ್ಟೇ. ಇನ್ನೊಂದು, ಪೆಟ್ಟಾದರೆ ಯಾರು ಎಂಬ ಪ್ರಶ್ನೆ. ಒಂದು ರಾತ್ರಿಗೆ ಬಂದ ಕಾರ್ನರ್ ಹುಡುಗನ ಲಿಗಮೆಂಟ್ ಹರಿದರೆ ಕರೆದ ತಂಡವಾ, ಸಂಘಟಕರಾ, ಅವನ ಊರಿನ ಕ್ಲಬ್ಬಾ? ಎಲ್ಲರೂ ಆಸ್ಪತ್ರೆಗೆ ಬಂದು ಮಾತಾಡಿಸಿ ಹೋಗುತ್ತಾರೆ. ಬಿಲ್ಲು ಕಟ್ಟುವುದು ಅವನ ಮನೆಯವರು.

20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ ಎನ್ನಬೇಡಿ. ಅದು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಸಿಗುವ ಪರಿಹಾರ. ಮೊಣಕಾಲಿನ ಆಪರೇಷನ್ ಖರ್ಚು ಅದರಲ್ಲಿ ಬರುವುದಿಲ್ಲ.

ಪಂದ್ಯಾಟ ನಡೆಯುವುದೇ ನಮ್ಮ ಅಂಗಡಿಯವರ ಜಾಹೀರಾತಿನಿಂದ, ಜೆರ್ಸಿ ಬರುವುದು ಅವರ ಕಿಸೆಯಿಂದ. ಹಾಗಾಗಿ ಕೇಳುವ ಹಕ್ಕೂ ಅವರಿಗೆ ಇದೆ. ಈ ಸಲ ರಸೀದಿ ಪುಸ್ತಕ ಹಿಡಿದು ಬಂದವರಿಗೆ ಹಣ ಕೊಡುವ ಮೊದಲು ಮೂರು ಪ್ರಶ್ನೆ ಹಾಕಿ:

1. ತಂಡದಲ್ಲಿ ಹೊರಗಿನ ಆಟಗಾರರು ಎಷ್ಟು ಮಂದಿ ಎಂಬ ಮಿತಿ ಇದೆಯಾ?
2. ನಮ್ಮ ಊರಿನ ಹುಡುಗರಿಗೆ ಅಂಕಣದ ಒಳಗೆ ಜಾಗ ಉಂಟಾ, ಇಲ್ಲ ಬೆಂಚಿನಲ್ಲಿ ನೀರು ಕೊಡುವ ಕೆಲಸವಾ?
3. ಪೆಟ್ಟಾದ ಆಟಗಾರನ ಚಿಕಿತ್ಸೆಗೆಂದು ಸಂಗ್ರಹದಲ್ಲಿ ಒಂದು ಪಾಲು ಬೇರೆ ಇಟ್ಟಿದ್ದೀರಾ?

ಮುಂದಿನ ಹರಾಜು ಬಂದಾಗ ಹೋಟೆಲಿನಲ್ಲಿ ಚರ್ಚೆ ಹೇಗೂ ನಡೆಯುತ್ತದೆ, ನಡೆಯಲಿ. ಬುಲ್ಸ್ ಯಾರನ್ನು ತಂತು ಎಂದು ನೋಡುವಾಗ ರೈಡರ್‌ಗಳ ಹೆಸರಿನ ಜೊತೆಗೆ ಎರಡು ಕಾರ್ನರ್‌ಗಳ ಹೆಸರನ್ನೂ ಓದಿ. ಅಂಕಣ ಬಿಟ್ಟು ಹೋದವನನ್ನು ಬೈಯುವ ಮೊದಲು, ನಮ್ಮ ಊರಿನ ಅಂಕಣದಲ್ಲಿ ಬಿದ್ದವನನ್ನು ನಾವು ಎಷ್ಟು ನೋಡಿಕೊಂಡಿದ್ದೇವೆ ಎಂಬುದನ್ನೂ ಒಮ್ಮೆ ಯೋಚಿಸಿ.