ಮ್ಯಾಕ್‌ಬೆತ್ ಓದುವ ನಮ್ಮ ಮಕ್ಕಳು

ಇಂಗ್ಲೆಂಡಿಗೆ ಬರುವ ಕನ್ನಡಿಗ ತಂದೆತಾಯಿಗಳು ಮಕ್ಕಳ ಗಣಿತ, ವಿಜ್ಞಾನಗಳ ವಿಷಯದಲ್ಲಿ ಬಹುಮಟ್ಟಿಗೆ ನಿಶ್ಚಿಂತರು. ಅವರನ್ನು ಕಂಗೆಡಿಸುವವನು ಶೇಕ್ಸ್‌ಪಿಯರ್. ಹದಿನಾರರ ಹರೆಯದ ಜಿಸಿಎಸ್‌ಇ ಇಂಗ್ಲಿಷ್ ಸಾಹಿತ್ಯ ಪರೀಕ್ಷೆಗೆ ಅವನ ಒಂದು ನಾಟಕದ ಪೂರ್ಣ ಅಧ್ಯಯನ ಕಡ್ಡಾಯ. 2015ರಲ್ಲಿ ಬೋಧನೆಗೆ ಬಂದ ಪರಿಷ್ಕೃತ ಪಠ್ಯಕ್ರಮದಂತೆ ನಾಟಕದ ಪ್ರತಿಯನ್ನು ಪರೀಕ್ಷಾ ಕೊಠಡಿಗೆ ಒಯ್ಯುವಂತಿಲ್ಲ. ಹದಿನಾಲ್ಕರಲ್ಲಿ ಊರು ಬಿಟ್ಟು ಬಂದ ಮಗುವಿಗೆ ಉಳಿಯುವ ಕಾಲಾವಕಾಶ ಎರಡೇ ವರ್ಷ.

ಹೀಗಾಗಿ ಗೈಡ್ ತಂದು ಉರು ಹೊಡೆಸುವುದು ನಮ್ಮವರಿಗೆ ಸಹಜವಾಗಿ ತೋಚುವ ಉಪಾಯ. ಆದರೆ ಪರೀಕ್ಷೆ ಕೇಳುವುದು ಬೇರೆಯದನ್ನು: ಪಾತ್ರವು ಹೀಗೇಕೆ ವರ್ತಿಸಿತು, ಅದನ್ನು ನಾಟಕದ ಮಾತುಗಳಿಂದಲೇ ಹೇಗೆ ಸಮರ್ಥಿಸುವೆ?

ಅನೇಕ ಶಾಲೆಗಳು ಆರಿಸಿಕೊಳ್ಳುವ ‘ಮ್ಯಾಕ್‌ಬೆತ್’ ಅವನ ದುರಂತ ನಾಟಕಗಳಲ್ಲಿ ಅತ್ಯಂತ ಚಿಕ್ಕದು. ಅದನ್ನು ಕಲಿಸುವ ಒಂದು ಪ್ರಸಿದ್ಧ ಕ್ರಮವುಂಟು. ಮಕ್ಕಳು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಮ್ಯಾಕ್‌ಬೆತ್ ಆದವನು ನಡುವೆ ನಡೆಯುತ್ತಾನೆ. ಒಂದು ಸಾಲು ರಾಜನನ್ನು ಕೊಲ್ಲೆನ್ನುತ್ತದೆ, ಇನ್ನೊಂದು ತಡೆಯುತ್ತದೆ. ತುದಿ ಮುಟ್ಟಿದವನು ತನ್ನ ನಿರ್ಧಾರಕ್ಕೆ ಕಾರಣ ಹೇಳಬೇಕು. ಆಮೇಲೆ ಇತಿಹಾಸ: 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಸ್ವತಃ ಮಾಟಗಾತಿಯರ ಕುರಿತು ಗ್ರಂಥ ಬರೆದವನು, 1605ರಲ್ಲಿ ಅವನನ್ನು ಸಿಡಿಮದ್ದಿನಿಂದ ಕೊಲ್ಲುವ ಸಂಚು ಬಯಲಾಯಿತು. ರಾಜಹತ್ಯೆಯ ಕಥೆ ಅಂದಿನ ಪ್ರೇಕ್ಷಕರನ್ನು ಏಕೆ ನಡುಗಿಸಿತೆಂಬುದು ಆಗ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಮಗ ಡಾಕ್ಟರಾಗುವವನು, ಅವನಿಗೆ ನಾಟಕವೇಕೆ ಎನ್ನುವವರಿಗೆ ವೈದ್ಯನಾಗಿ ನಾನು ತೋರಿಸುವುದು ಐದನೆಯ ಅಂಕದ ಮೊದಲ ದೃಶ್ಯವನ್ನು. ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜಿಕೊಳ್ಳುವ ರಾಣಿಯನ್ನು ಅಲ್ಲೊಬ್ಬ ವೈದ್ಯ ಮರೆಯಿಂದ ಗಮನಿಸುತ್ತಾನೆ, ದಾಸಿಯನ್ನು ವಿಚಾರಿಸುತ್ತಾನೆ, ಕೇಳಿದ್ದನ್ನು ಬರೆದುಕೊಳ್ಳುತ್ತಾನೆ. ಕಡೆಗೆ ಈ ವ್ಯಾಧಿ ತನ್ನ ವಿದ್ಯೆಗೆ ಮೀರಿದ್ದೆಂದು ಒಪ್ಪಿಕೊಳ್ಳುತ್ತಾನೆ. ರೋಗಿಯ ಮಾತಿನ ಹಿಂದಿನ ಮಾತನ್ನು ಆಲಿಸುವ ಪಾಠ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿದೆ?

ಈ ಓದಿಗೆ ನಮ್ಮ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತೇ ಪಾತ್ರದ ಪರ ವಾದಿಸುವ ಕಲೆ ನಮ್ಮದು. ‘ಹ್ಯಾಮ್ಲೆಟ್’ಅನ್ನು ಕುವೆಂಪು ‘ರಕ್ತಾಕ್ಷಿ’ಯಾಗಿ ಕನ್ನಡದ ನೆಲಕ್ಕೆ ತಂದಿದ್ದಾರೆ. ಆದುದರಿಂದ ಬರಲಿರುವವರಿಗೆ ನನ್ನ ಸಲಹೆ ಇಷ್ಟೇ: ಮೊದಲು ಕಥೆಯನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿರಿ; ಸಾಧ್ಯವಾದರೆ ರಂಗದ ಮೇಲೆ, ಇಲ್ಲವಾದರೆ ಚಲನಚಿತ್ರದಲ್ಲಿ ತೋರಿಸಿರಿ; ಬಳಿಕ ದಿನಕ್ಕೊಂದು ದೃಶ್ಯವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿರಿ. ಊರಿನಲ್ಲಿರುವ ಅಜ್ಜ ಅಜ್ಜಿಯರೂ ವಿಡಿಯೊ ಕರೆಯಲ್ಲಿ ಮೊಮ್ಮಕ್ಕಳಿಂದ ಈ ಕಥೆ ಕೇಳಬಹುದು. ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಮಗುವಿಗೆ ಪರೀಕ್ಷೆಯ ಅರ್ಧ ಭಯ ಕಳೆದಂತೆಯೇ.