ವಿಯೆಟ್ನಾಮಿನಲ್ಲಿ ಬಸ್ಸಿನ ಪಯಣ

ಉತ್ತರದ ಹನೋಯಿಯಿಂದ ದಕ್ಷಿಣದ ಸೈಗಾನಿನವರೆಗೆ ನೀಳವಾಗಿ ಚಾಚಿಕೊಂಡಿರುವ ವಿಯೆಟ್ನಾಮನ್ನು ಬೆನ್ನಚೀಲ ಹೊತ್ತ ಮಿತ್ರಮಂಡಲಿಯೊಂದು ಅಲ್ಪವ್ಯಯದಲ್ಲಿ ಕಾಣಬೇಕೆಂದರೆ, ರಾತ್ರಿಯ ಸ್ಲೀಪರ್ ಬಸ್ಸಿಗಿಂತ ಯುಕ್ತವಾದ ವಾಹನ ಬೇರೊಂದಿಲ್ಲವೆಂದೇ ನನ್ನ ಮತ. ಬಾಗಿಲಲ್ಲೇ ಪಾದರಕ್ಷೆಗಳನ್ನು ಕಳಚಿ, ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿರಿಸಿಕೊಂಡು, ಗುಡಿಯನ್ನು ಹೊಗುವವರಂತೆ ಬರಿಗಾಲಿನಲ್ಲಿ ಒಳಹೊಕ್ಕರೆ, ಮೂರು ಸಾಲುಗಳಲ್ಲಿ ಎರಡಂತಸ್ತಾಗಿ ಜೋಡಿಸಿದ ಕಿರುಮಂಚಗಳು. ಮುಂದಿನವರ ಬೆನ್ನಿನಡಿಯ ಗೂಡಿನೊಳಗೆ ನಮ್ಮ ಕಾಲುಗಳನ್ನು ತೂರಿಸಬೇಕು. ಎತ್ತರದ ಆಳಿಗೆ ಇದು ಶಿಕ್ಷೆಯೇ ಸರಿ! ಹಳೆಯ ರಾಜಧಾನಿ ಹುವೆಯನ್ನು ದಾಟಿದ ಬಳಿಕ, ಹೈವಾನ್ ಘಟ್ಟದಡಿಯಲ್ಲಿ 2005ರಲ್ಲಿ ತೆರೆದ ಸುರಂಗವು ಹಾದಿಯನ್ನು ಹ್ರಸ್ವಗೊಳಿಸಿದೆಯಾದರೂ ಕಡಲಿನ ನೋಟವನ್ನು ಕಸಿದುಕೊಂಡಿದೆ. ಮುಂದೆ ಹೊಯಿ ಆನ್ ಪಟ್ಟಣದಲ್ಲಿ ಇಳಿದವರು ಸಮೀಪದ ಮೀ ಸನ್ನಿಗೆ ಹೋಗದಿರಬಾರದು: ಚಂಪಾ ರಾಜ್ಯದ ಅರಸರು ಭದ್ರೇಶ್ವರನೆಂಬ ಶಿವನಿಗೆ ಕಟ್ಟಿಸಿದ ಇಟ್ಟಿಗೆಯ ದೇಗುಲಗಳೂ ಸಂಸ್ಕೃತ ಶಾಸನಗಳೂ, 1969ರ ಅಮೆರಿಕನ್ ಬಾಂಬುಗಳಿಗೆ ತುತ್ತಾಗಿ ಉಳಿದಷ್ಟು, ಅಲ್ಲಿ ಇಂದಿಗೂ ಇವೆ.