ಒಂದು ಚೀಲ ಭತ್ತದ ಸೆಳೆತ

ಸಿಂಧನೂರು ಸೀಮೆಯಲ್ಲಿ ಭತ್ತದ ಬೆಲೆಯನ್ನು ಹೇಳುವುದು ೭೫ ಕಿಲೋ ತೂಕದ ಚೀಲದ ಲೆಕ್ಕದಲ್ಲಿ. ಆ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಲಾರಿಯ ಹಲಗೆಯನ್ನೇರುವ ಹಮಾಲನ ನಡಿಗೆಯನ್ನು ಒಮ್ಮೆ ನಿಂತು ನೋಡಿದವರಿಗೆ, ಅಷ್ಟು ಭಾರವು ಮೈಯನ್ನು ಹೇಗೆ ಬಾಗಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ನಾಲ್ಕು ತಂತಿಯ ಬಾಸ್ ಗಿಟಾರೊಂದನ್ನು ಶ್ರುತಿಗೆ ಏರಿಸಿ ಗೋಡೆಗೆ ಒರಗಿಸಿಟ್ಟಾಗ, ಯಾರೂ ಮುಟ್ಟದೆ, ಯಾವ ನಾದವೂ ಹೊರಡದೆ ನಿಶ್ಚಲವಾಗಿ ಕಾಣುವ ಆ ವಾದ್ಯದಲ್ಲಿ, ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚು ದಪ್ಪವಿಲ್ಲದ ಮರದ ದಂಡಿಯೊಂದು ಹಗಲಿರುಳೂ ಹೆಚ್ಚುಕಡಿಮೆ ಅಷ್ಟೇ ಭಾರದ ಸೆಳೆತವನ್ನು ತಡೆದುಕೊಂಡು ನಿಂತಿರುತ್ತದೆ. ವಾದ್ಯವೆಂದರೆ ಧ್ವನಿ ಹೊರಡಿಸುವ ವಸ್ತುವೆಂದಷ್ಟೇ ತಿಳಿದಿದ್ದ ನನಗೆ, ಅದು ಮೊದಲು ಬಲಾಬಲಗಳ ಒಂದು ಒಪ್ಪಂದವೆಂದೂ ಧ್ವನಿಯು ಆ ಒಪ್ಪಂದದ ಫಲವೆಂದೂ ಮನವರಿಕೆಯಾದುದು ಆರ್.ಎಚ್. ಕ್ಯಾಂಪಿನ ಒಂದು ಮನೆಯ ಜಗಲಿಯಲ್ಲಿ.

ಆರ್.ಎಚ್. ಎಂಬ ಅಕ್ಷರಗಳು ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಶಬ್ದದ ಸಂಕ್ಷೇಪ. ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವು ತುಂಗಭದ್ರಾ ಎಡದಂಡೆ ಕಾಲುವೆಯ ಈ ಪ್ರದೇಶದಲ್ಲಿ ಭೂಮಿಯನ್ನು ಕೊಟ್ಟು ನೆಲೆಗೊಳಿಸಿದ ಊರುಗಳಿವು. ಮನೆಯೊಳಗೆ ಬಂಗಾಳಿಯನ್ನೂ ಸಂತೆಯಲ್ಲಿ ರಾಯಚೂರಿನ ಕನ್ನಡವನ್ನೂ ಆಡುವ ಈ ಜನ ಶರತ್ಕಾಲದಲ್ಲಿ ದುರ್ಗಾಪೂಜೆಯನ್ನು ಬಿಡದೆ ನಡೆಸುತ್ತಾರೆ; ಖೋಲು, ಕರತಾಳ, ಹಾರ್ಮೋನಿಯಮ್ಮುಗಳೊಡನೆ ಕೀರ್ತನೆ ಹಾಡುತ್ತಾರೆ. ನಾನು ಹೇಳುತ್ತಿರುವ ಮನೆಯಲ್ಲಿ ದೋತಾರಾ ಎಂಬ ತಂತೀವಾದ್ಯವೊಂದು ಕೂಡ ಇದ್ದಿತು. ಆ ಮನೆಯ ಹಿರಿಯರನ್ನು ಊರಿನ ಕನ್ನಡಿಗರೂ ದಾದಾ ಎಂದೇ ಕರೆಯುವುದು. ಅವರ ಅಟ್ಟದ ಮೇಲೆ, ಗೋಣಿಚೀಲದಲ್ಲಿ ಸುತ್ತಿ, ಎಂದೋ ಚದುರಿಹೋದ ರಸಮಂಜರಿ ತಂಡವೊಂದರ ಬಾಸ್ ಗಿಟಾರು ಹಲವು ವರ್ಷಗಳಿಂದ ಬಿದ್ದಿದ್ದಿತು. ಗುಜರಿಗೆ ಹಾಕುವ ಮಾತು ಬಂದಾಗ ನಾನು ಬೇಡವೆಂದೆ. ಸ್ಕ್ರೂ ತಿರುಗಿಸಿ ಯಾವ ವಾದ್ಯದ ಒಡಲನ್ನೂ ಅದುವರೆಗೆ ತೆರೆದು ನೋಡಿದವನಲ್ಲ ನಾನು. ದಾದಾ ಅದನ್ನು ನನ್ನ ಕೈಗಿತ್ತು, "ಮಾಸ್ತರ್ರೆ, ಇದು ಕೆಟ್ಟಿಲ್ರೀ, ಬಾರಿಸೋರು ಇಲ್ದಂಗ ಆಗೈತಿ ಅಷ್ಟ" ಎಂದರು.

ಬಾಸ್ ಗಿಟಾರಿನ ಪ್ರಸಾರಕ್ಕೆ ಕಾರಣನಾದವನು ಸಂಗೀತಗಾರನಾಗಿರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಸಿಯಾಟಲಿನ ಪಾಲ್ ಟಟ್‌ಮಾರ್ಕ್ ಎಂಬಾತನು ೧೯೩೦ರ ದಶಕದಲ್ಲಿಯೇ ಇಂತಹದೊಂದನ್ನು ಮಾಡಿದ್ದನಾದರೂ, ಲೋಕಕ್ಕೆ ಹಬ್ಬಿದುದು ೧೯೫೧ರಲ್ಲಿ ಫೆಂಡರನು ಹೊರತಂದ ವಾದ್ಯ. ಅದಕ್ಕೆ ಮೊದಲು ಮಂದ್ರಸ್ವರಕ್ಕಾಗಿ ಆಳೆತ್ತರದ ಡಬಲ್ ಬಾಸ್ ಎಂಬ ಪಿಟೀಲುಜಾತಿಯ ವಾದ್ಯವನ್ನು ಹೊತ್ತು ತಿರುಗಬೇಕಾಗಿದ್ದಿತು. ಅದರಲ್ಲಿ ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನವನ್ನು ಕಿವಿಯೇ ಹುಡುಕಿಕೊಳ್ಳಬೇಕು. ಫೆಂಡರನು ದಂಡಿಯ ಮೇಲೆ ಲೋಹದ ಮೆಟ್ಟಿಲುಗಳನ್ನು ಕೂರಿಸಿ, ಸ್ವರ ಖಚಿತವಾಗಿ ಬರುವುದೆಂಬ ಅರ್ಥದಲ್ಲಿ ಅದಕ್ಕೆ ಪ್ರಿಸಿಷನ್ ಬಾಸ್ ಎಂದು ಹೆಸರಿಟ್ಟನು. ಒಡಲಿನ ಮೇಲೆ ತಂತಿಗಳನ್ನು ಹೊರುವ ಕುದುರೆಯಿಂದ ದಂಡಿಯ ತುದಿಯವರೆಗೆ ಅವನು ಆರಿಸಿಕೊಂಡ ತಂತಿಯ ಉದ್ದ ೩೪ ಅಂಗುಲ, ಎಂದರೆ ಸುಮಾರು ೮೬೪ ಮಿಲಿಮೀಟರು. ನನ್ನ ಕೈಗೆ ಬಂದ ಅನಾಮಧೇಯ ವಾದ್ಯದಲ್ಲಿಯೂ ಅಳೆದಾಗ ಅಷ್ಟೇ ಇದ್ದಿತು.

ಈ ಉದ್ದವೂ ತಂತಿಗಳ ದಪ್ಪವೂ ಯಾರೋ ಒಬ್ಬರ ಇಚ್ಛೆಯಿಂದ ಬಂದುವಲ್ಲ. ಫ್ರಾನ್ಸಿನ ಪಾದ್ರಿ ಮೆರ್ಸೆನ್ನನು ೧೬೩೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದಂತೆ, ತಂತಿ ಉದ್ದವಾದಷ್ಟೂ ಸ್ವರ ಇಳಿಯುತ್ತದೆ, ಬಿಗಿಯಾದಷ್ಟೂ ಏರುತ್ತದೆ, ಭಾರವಾದಷ್ಟೂ ಮತ್ತೆ ಇಳಿಯುತ್ತದೆ. ಬಿಗಿತ ಮತ್ತು ಭಾರಗಳ ಪ್ರಭಾವ ಮಾತ್ರ ವರ್ಗಮೂಲದ ಲೆಕ್ಕದಲ್ಲಿ ನಡೆಯುತ್ತದೆ. ಬಾಸಿನ ಅತ್ಯಂತ ಮಂದ್ರವಾದ ತಂತಿ ಸೆಕೆಂಡಿಗೆ ಸುಮಾರು ೪೧ ಬಾರಿಯೂ ಅತಿ ತಾರದ ತಂತಿ ೯೮ ಬಾರಿಯೂ ಕಂಪಿಸಬೇಕು. ಎರಡರ ಉದ್ದ ಒಂದೇ, ಬಿಗಿತವೂ ಸರಿಸುಮಾರು ಒಂದೇ. ಆದುದರಿಂದ ಮೊದಲನೆಯದು ಎರಡನೆಯದಕ್ಕಿಂತ ಐದೂವರೆ ಪಟ್ಟಿನಷ್ಟು ಭಾರವಾಗಿರಬೇಕಾಗುತ್ತದೆ. ಅಷ್ಟು ದಪ್ಪದ ಗಟ್ಟಿ ಸರಳನ್ನೇ ಕಟ್ಟಿದರೆ ಅದು ತಂತಿಯಂತೆ ಬಳುಕದೆ ಕಂಬಿಯಂತೆ ಸೆಟೆದುಕೊಂಡು ಬೇಸುರು ನುಡಿಯುವುದರಿಂದ, ತೆಳುವಾದ ಉಕ್ಕಿನ ಎಳೆಯ ಸುತ್ತ ಇನ್ನೊಂದು ತಂತಿಯನ್ನು ಒತ್ತಾಗಿ ಸುತ್ತಿ, ಮೃದುತ್ವವನ್ನು ಕಳೆಯದೆ ಭಾರವನ್ನು ಹೆಚ್ಚಿಸುವ ಉಪಾಯವನ್ನು ತಯಾರಕರು ಕಂಡುಕೊಂಡಿದ್ದಾರೆ.

ಆ ಸುತ್ತುಗಳ ಸಂದಿಯಲ್ಲಿಯೇ ವಾದ್ಯದ ವಾರ್ಧಕ್ಯವೂ ಅಡಗಿರುತ್ತದೆ. ಬೆರಳಿನ ಬೆವರು, ಜಿಡ್ಡು, ಧೂಳುಗಳು ಅಲ್ಲಿ ತುಂಬಿಕೊಂಡು ತಂತಿಯ ಸೂಕ್ಷ್ಮ ಕಂಪನಗಳನ್ನು ನುಂಗಿಬಿಡುತ್ತವೆ. ಮೂಲಸ್ವರ ಉಳಿದರೂ ಅದರ ಮೇಲಣ ಹೊಳಪು ಹೋಗುತ್ತದೆ. ಹೊಸ ತಂತಿ ಸಿಂಧನೂರಿನ ಪೇಟೆಯಲ್ಲಿ ದೊರೆಯಲಿಲ್ಲವಾಗಿ, ಬಾಸ್ ವಾದಕರು ಹಿಂದಿನಿಂದ ಅನುಸರಿಸಿಕೊಂಡು ಬಂದಿರುವ ಒಂದು ಕ್ರಮವನ್ನು ನಾನೂ ಹಿಡಿದೆ: ತಂತಿಗಳನ್ನು ಬಿಚ್ಚಿ, ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿ, ಒರೆಸಿ, ಮೇ ತಿಂಗಳ ಬಿಸಿಲಿಗೆ ಹರವಿದೆ. ಪಾತ್ರೆಯ ನೀರು ಚಹದ ಬಣ್ಣಕ್ಕೆ ತಿರುಗಿದ್ದಿತು. ತಂತಿಗೆ ಬಂದುದು ಪೂರ್ಣ ಯೌವನವಲ್ಲ, ಕೆಲವು ವಾರಗಳ ಚೇತನ. ಆದರೆ ಮುಂದಿನ ಪರೀಕ್ಷೆಗೆ ಅಷ್ಟು ಸಾಕಾಗಿದ್ದಿತು.

ಇನ್ನು ವಾದ್ಯದ ಮೌನ. ಗಿಟಾರಿನ ಮರದ ಹಲಗೆ ಗಟ್ಟಿಯಾದುದು, ಒಳಗೆ ಟೊಳ್ಳಿಲ್ಲ. ದೋತಾರಾದಲ್ಲಿ ಮರದ ಹೊಟ್ಟೆಯನ್ನು ಕೊರೆದು ಅದರ ಮೇಲೆ ಚರ್ಮವನ್ನು ಬಿಗಿದಿರುವುದರಿಂದ ತಂತಿಯ ಕಂಪನವು ಚರ್ಮಕ್ಕೂ ಚರ್ಮದಿಂದ ಗಾಳಿಗೂ ಹರಿದು ಜಗಲಿಯ ತುಂಬ ಕೇಳಿಸುತ್ತದೆ. ಬಾಸಿನ ಮಂದ್ರಸ್ವರದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಮಿಕ್ಕಿದ್ದು, ಅದನ್ನು ಗಾಳಿಗೆ ನೇರವಾಗಿ ದಾಟಿಸಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಯಾವ ಒಡಲಿಗೂ ಶಕ್ತಿ ಸಾಲದು. ಆದಕಾರಣ ಇಲ್ಲಿ ಗಾಳಿಯನ್ನು ಬಿಟ್ಟು ಅಯಸ್ಕಾಂತವನ್ನು ಆಶ್ರಯಿಸಬೇಕಾಯಿತು. ತಂತಿಗಳ ಕೆಳಗೆ ಪಿಕಪ್ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೇಲಿನ ಉಕ್ಕಿನ ತಂತಿ ಅಯಸ್ಕಾಂತದ ಸಾಮೀಪ್ಯದಿಂದ ತಾನೂ ಕಾಂತತ್ವವನ್ನು ಪಡೆದು, ಕಂಪಿಸುವಾಗ ಆ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವನ್ನು ಕದಲಿಸುತ್ತದೆ. ಕದಲುವ ಕ್ಷೇತ್ರವು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿಕೊಟ್ಟಿದ್ದನು. ತುಂಗಭದ್ರೆಯ ವಿದ್ಯುದಾಗಾರದಲ್ಲಿ ನಡೆಯುವುದೂ ಇದೇ ತತ್ತ್ವ. ಅಲ್ಲಿ ನದಿಯ ನೀರು ಮಾಡುವ ಕೆಲಸವನ್ನು ಇಲ್ಲಿ ಬೆರಳು ಮಾಡುತ್ತದೆ.

ಮಲ್ಟಿಮೀಟರಿನ ಎರಡು ಮೊನೆಗಳನ್ನು ಪಿಕಪ್ಪಿನ ತಂತಿಗಳಿಗೆ ಮುಟ್ಟಿಸಿದಾಗ ಹತ್ತು ಸಾವಿರ ಓಮಿನ ಸುತ್ತಮುತ್ತ ಅಂಕೆ ತೋರಿದ ಆ ಕ್ಷಣದ ಸಂತೋಷವನ್ನು ನಾನು ಮರೆಯಲಾರೆ. ಸುರುಳಿ ಎಲ್ಲಿಯಾದರೂ ತುಂಡಾಗಿದ್ದರೆ ಅಂಕೆಯೇ ಮೂಡುತ್ತಿರಲಿಲ್ಲ. ದೋಷವಿದ್ದುದು ಕೇಬಲ್ ಸಿಕ್ಕಿಸುವ ಜ್ಯಾಕಿನ ಬಳಿ ಕಳಚಿದ್ದ ಬೆಸುಗೆಯಲ್ಲಿಯೂ ಧೂಳು ಕೂತು ಗರಗರಗುಟ್ಟುತ್ತಿದ್ದ ವಾಲ್ಯೂಮ್ ಗುಂಡಿಯಲ್ಲಿಯೂ. ಅವೆರಡನ್ನೂ ಸರಿಪಡಿಸಿ, ದುರ್ಗಾಪೂಜೆಯ ಆಂಪ್ಲಿಫೈಯರಿಗೆ ಜೋಡಿಸಿದಾಗ ವಾದ್ಯ ನುಡಿಯಿತು. ಆದರೆ ಅದರೊಡನೆ ಒಂದು ಎಡೆಬಿಡದ ಹುಂಕಾರವೂ ಕೇಳಿಸಿತು.

ಈ ಹುಂಕಾರದ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ನಮ್ಮ ದೇಶದ ಮನೆಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಲ್ಲಿ ಹೊಯ್ದಾಡುತ್ತದೆ. ಬಾಸಿನ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಬರುವ ಸ್ವರದ ಆವರ್ತ ೪೯. ಎಂದರೆ ಗೋಡೆಯೊಳಗಿನ ವಿದ್ಯುತ್ತು ಸದಾ ಬಾಸಿನ ಒಂದು ಸ್ವರಕ್ಕೆ ಕೂದಲೆಳೆಯಷ್ಟು ಮೇಲಿನ ಶ್ರುತಿಯಲ್ಲಿಯೇ ಗುನುಗುತ್ತಿರುತ್ತದೆ! ಬೇರೆ ವಾದ್ಯಗಳಲ್ಲಿ ಹಿನ್ನೆಲೆಯಲ್ಲಿ ಉಳಿಯುವ ಈ ಸದ್ದು ಬಾಸಿನಲ್ಲಿ ಸ್ವರದೊಡನೆ ಸ್ವರವಾಗಿ ಬೆರೆತುಬಿಡುತ್ತದೆ. ಪಿಕಪ್ಪನ್ನು ಎರಡು ತುಂಡು ಮಾಡಿ, ಎರಡರ ಅಯಸ್ಕಾಂತಗಳನ್ನೂ ಸುತ್ತುಗಳನ್ನೂ ಪರಸ್ಪರ ವಿರುದ್ಧವಾಗಿಟ್ಟರೆ, ತಂತಿಯಿಂದ ಹುಟ್ಟಿದ ವಿದ್ಯುತ್ತು ಕೂಡಿಕೊಂಡು, ಹೊರಗಿನ ಕಾಂತಕ್ಷೇತ್ರದಿಂದ ನುಗ್ಗಿದ ಹುಂಕಾರವು ಕಳೆದುಹೋಗುವುದೆಂಬ ಯುಕ್ತಿ ೧೯೫೭ರಿಂದ ಬಳಕೆಯಲ್ಲಿದೆ. ನನ್ನ ವಾದ್ಯದಲ್ಲಿಯೂ ಪಿಕಪ್ಪು ಹಾಗೆಯೇ ಇಬ್ಭಾಗವಾಗಿದ್ದಿತು. ಆದರೂ ಹುಂಕಾರ ನಿಂತಿರಲಿಲ್ಲವೇಕೆ? ತಂತಿಯನ್ನು ಕೈಯಿಂದ ಮುಟ್ಟಿದಾಗ ಅದು ತಗ್ಗದೆ ಹೆಚ್ಚಾಗುತ್ತಿದ್ದುದು ಸುಳಿವು ಕೊಟ್ಟಿತು. ಮನುಷ್ಯನ ದೇಹವೇ ಒಂದು ಆಂಟೆನಾದಂತೆ ಸುತ್ತಲಿನ ವಿದ್ಯುತ್‌ಕ್ಷೇತ್ರವನ್ನು ಹಿಡಿಯುತ್ತದೆ. ಅದನ್ನು ಹರಿಯಗೊಡಲು ಕುದುರೆಯ ಅಡಿಯಿಂದ ಜ್ಯಾಕಿಗೆ ಒಂದು ಅರ್ಥಿಂಗ್ ತಂತಿ ಇರಬೇಕು. ಕುದುರೆಯನ್ನು ಎತ್ತಿ ನೋಡಿದರೆ ಆ ತಂತಿ ತುಕ್ಕು ತಿಂದು ತುಂಡಾಗಿದ್ದಿತು. ಗೇಣುದ್ದದ ಹೊಸ ತಂತಿಯೊಂದನ್ನು ಬೆಸೆದಮೇಲೆ ಜಗಲಿಯಲ್ಲಿ ಆವರಿಸಿದ ನಿಶ್ಶಬ್ದ, ಹೊಸ ವಾದ್ಯವೊಂದನ್ನು ಕೇಳಿದಷ್ಟೇ ಸುಖವನ್ನು ಕೊಟ್ಟಿತು.

ಎಲ್ಲಕ್ಕಿಂತ ಕಠಿಣವಾದುದು ದಂಡಿ. ಉಕ್ಕಿನ ಅಳತೆಪಟ್ಟಿಯನ್ನು ಅದರ ಮೇಲೆ ಉದ್ದಕ್ಕೆ ಇಟ್ಟಾಗ ನಡುಭಾಗದಲ್ಲಿ ಎರಡು ಮಿಲಿಮೀಟರಿನಷ್ಟು ಸಂದು ಕಾಣುತ್ತಿದ್ದಿತು. ಇರಬೇಕಾದುದು ಅದರ ಆರನೆಯ ಒಂದು ಭಾಗ. ತಂತಿಗಳನ್ನು ಸಡಿಲಿಸದೆ ಅಟ್ಟಕ್ಕೆ ಏರಿಸಿದ್ದರಿಂದ, ಆ ಒಂದು ಚೀಲ ಭತ್ತದ ಸೆಳೆತವು ವರ್ಷಗಟ್ಟಲೆ ಅದನ್ನು ಬಾಗಿಸುತ್ತ ಹೋಗಿದ್ದಿತು. ಇದಕ್ಕೆ ಎದುರಾಗಿ ದಂಡಿಯ ಒಳಗೆ ಒಂದು ಉಕ್ಕಿನ ಸರಳಿರುತ್ತದೆ. ಗಿಬ್ಸನ್ ಕಾರ್ಖಾನೆಯ ಥಾಡಿಯಸ್ ಮೆಕ್‌ಹ್ಯೂ ಎಂಬಾತನ ಹೆಸರಿನಲ್ಲಿ ೧೯೨೩ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ತುದಿಯ ತಿರುಪುಮೊಳೆಯನ್ನು ಬಿಗಿಸಿದಂತೆ ಸರಳು ದಂಡಿಯನ್ನು ಹಿಂದಕ್ಕೆ ಸೆಳೆದು ತಂತಿಗಳಿಗೆ ಪ್ರತಿಬಲವನ್ನು ಒಡ್ಡುತ್ತದೆ. ಅವಸರದಲ್ಲಿ ನಾನು ಒಂದೇ ಸಲಕ್ಕೆ ಅರ್ಧ ಸುತ್ತು ತಿರುಗಿಸಿದೆ. ಮರುದಿನ ಬೆಳಿಗ್ಗೆ ಮೊದಲ ಐದು ಮೆಟ್ಟಿಲುಗಳಲ್ಲಿ ತಂತಿ ಲೋಹಕ್ಕೆ ಬಡಿದು ಝರಝರಿಸತೊಡಗಿತು. ಮರಕ್ಕೆ ಮನುಷ್ಯನ ವೇಗವಿಲ್ಲ. ಇಂದು ಕೊಟ್ಟ ಬಲಕ್ಕೆ ಅದು ನಾಳೆಯವರೆಗೂ ಉತ್ತರ ಕೊಡುತ್ತಿರುತ್ತದೆ. ಹಿಂದಕ್ಕೆ ಸಡಿಲಿಸಿ, ದಿನವೂ ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತ ಬಂದೆ. ಆರು ದಿನ ಹಿಡಿಯಿತು.

ಆ ಝರಝರಿಕೆಯನ್ನು ಕೇಳಿ ದಾದಾ, "ಛಲೋ ಕೇಳ್ತದಲ್ರೀ, ಯಾಕ ತೆಗೀತೀರಿ?" ಎಂದರು. ಆ ಪ್ರಶ್ನೆ ಬಹಳ ದಿನ ನನ್ನ ಮನಸ್ಸಿನಲ್ಲಿ ಉಳಿಯಿತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಎಳೆದಿಡುವ ಜೀವಾಳದ ದಾರವು ಮಾಡುವುದು ಇದನ್ನೇ ಅಲ್ಲವೆ: ತಂತಿಯು ಅಗಲವಾದ ಕುದುರೆಯನ್ನು ಕಂಪನದ ಪ್ರತಿ ಆವರ್ತದಲ್ಲಿಯೂ ತಾಗಿ ತಾಗಿ ಬಿಡುವಂತೆ ಮಾಡುವುದು? ಕಲ್ಕತ್ತೆಯ ಬೌಬಜಾರಿನ ವಿಜ್ಞಾನಸಂಸ್ಥೆಯಲ್ಲಿ ದುಡಿಯುತ್ತಿದ್ದ ಸಿ.ವಿ. ರಾಮನ್ನರು ೧೯೨೧ರಲ್ಲಿ ಭಾರತೀಯ ತಂತೀವಾದ್ಯಗಳನ್ನು ಕುರಿತ ಲೇಖನದಲ್ಲಿ ವೀಣೆ ಮತ್ತು ತಂಬೂರಿಗಳ ಈ ಕುದುರೆಯನ್ನೇ ಪರಿಶೀಲಿಸಿದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಸ್ವರಾಂಶಕ್ಕೆ ನಿಶ್ಚಲಸ್ಥಾನವಿದೆಯೋ ಆ ಸ್ವರಾಂಶವು ಹುಟ್ಟಲಾರದೆಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮವು ಈ ವಾದ್ಯಗಳಲ್ಲಿ ನಡೆಯುವುದಿಲ್ಲವೆಂದು ಅವರು ಕಂಡುಕೊಂಡರು. ಬಾಸಿನಲ್ಲಿ ಆ ನಿಯಮ ನಡೆಯುತ್ತದೆ. ಆದ್ದರಿಂದಲೇ ಕುದುರೆಯ ಹತ್ತಿರ ಮೀಟಿದರೆ ಒಂದು ಬಣ್ಣ, ದೂರ ಮೀಟಿದರೆ ಇನ್ನೊಂದು. ಒಂದು ವಾದ್ಯಕ್ಕೆ ಜೀವಾಳವಾದುದೇ ಇನ್ನೊಂದಕ್ಕೆ ವ್ಯಾಧಿಯಾಗುವುದನ್ನು ಕಂಡಾಗ, ದೋಷವೆಂಬ ಮಾತನ್ನು ಯಂತ್ರಗಳ ವಿಷಯದಲ್ಲಿ ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದು ಅನ್ನಿಸಿತು.

ಮೆಟ್ಟಿಲುಗಳ ಕಿಲುಬನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿದೆ. ಆ ನಾರಿನ ಪುಡಿಯನ್ನು ಪಿಕಪ್ಪಿನ ಅಯಸ್ಕಾಂತಗಳು ಸೆಳೆದುಕೊಂಡು ಬಿಡುವುದರಿಂದ ಮೊದಲೇ ಅದರ ಮೇಲೆ ಅಂಟುಪಟ್ಟಿಯನ್ನು ಹಚ್ಚಿರಬೇಕು. ದಂಡಿಯ ಅಂಚಿನಲ್ಲಿ ಮೆಟ್ಟಿಲುಗಳ ತುದಿಗಳು ಅಂಗೈಗೆ ತಾಗುವಂತೆ ಹೊರಚಾಚಿದ್ದುವು. ಲೋಹ ಬೆಳೆದಿರಲಿಲ್ಲ, ಮರ ಕುಗ್ಗಿದ್ದಿತು. ಹಸಿಮರ ಪೂರ್ತಿ ಒಣಗುವಷ್ಟರಲ್ಲಿ ನಾರಿನ ಉದ್ದಕ್ಕೆ ಕುಗ್ಗುವುದು ಶೇಕಡ ೦.೨ ಮೀರದಿದ್ದರೂ, ಅಡ್ಡಕ್ಕೆ ಶೇಕಡ ೫ರಿಂದ ೧೦ರವರೆಗೂ ಕುಗ್ಗುವುದುಂಟು. ಕಡೆದು ಮುಗಿಸಿದ ಮೇಲೆಯೂ ಅದು ಗಾಳಿಯ ತೇವದೊಡನೆ ಕೊಂಚ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ನಮ್ಮ ಸೀಮೆಯ ಬೇಸಗೆಯಲ್ಲಿ ಅಟ್ಟದ ಮೇಲೆ ಬೆಂದ ಮರ ಅಡ್ಡಕ್ಕೆ ಕುಗ್ಗಿ, ಲೋಹವನ್ನು ಹೊರಗೆ ಬಿಟ್ಟಿದ್ದಿತು. ತುದಿಗಳನ್ನು ಅರದಿಂದ ತಿದ್ದಿ, ಹಲಗೆಗೆ ಅಗಸೆಎಣ್ಣೆಯನ್ನು ಒರೆಸಿದೆ.

ಕೊನೆಗೆ ಉಳಿದುದು ಕುದುರೆಯ ಸೂಕ್ಷ್ಮವಾದ ಹೊಂದಿಕೆ. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಮಧ್ಯದಲ್ಲಿ, ೪೩೨ ಮಿಲಿಮೀಟರಿನಲ್ಲಿ, ಇರುತ್ತದೆ. ಅಲ್ಲಿ ಒತ್ತಿದರೆ ಮೇಲಿನ ಷಡ್ಜ ಬರಬೇಕು. ಆದರೆ ಒತ್ತುವಾಗ ತಂತಿ ಇನ್ನಷ್ಟು ಬಿಗಿಯುವುದರಿಂದಲೂ ದಪ್ಪ ತಂತಿಗೆ ತನ್ನದೇ ಬಿರುಸು ಇರುವುದರಿಂದಲೂ ಸ್ವರ ಸ್ವಲ್ಪ ಏರಿಬಿಡುತ್ತದೆ. ಅದನ್ನು ಸರಿತೂಗಿಸಲು ದಪ್ಪ ತಂತಿಯ ಆಧಾರವನ್ನು ಕೆಲವು ಮಿಲಿಮೀಟರು ಹಿಂದಕ್ಕೆ ಸರಿಸಬೇಕು. ಕೀರ್ತನೆಯ ಹಾರ್ಮೋನಿಯಮ್ಮಿನ ಸ್ವರಕ್ಕೆ ಹೋಲಿಸುತ್ತ ನಾಲ್ಕೂ ತಂತಿಗಳನ್ನು ಹೊಂದಿಸಿದೆವು. ಆ ಸಂಜೆ ದಾದಾ ದೋತಾರಾ ಹಿಡಿದು ಹಾಡಿದರು, ಅವರ ಮೊಮ್ಮಗ ಬಾಸಿನಲ್ಲಿ ಆಧಾರಸ್ವರವೊಂದನ್ನೇ ನುಡಿಸಿದ. ಒಳಮನೆಯ ಹಲಗೆಯ ಮೇಲಿನ ಸ್ಟೀಲ್ ತಟ್ಟೆಗಳು ಪ್ರತಿ ಸಲವೂ ಸಣ್ಣಗೆ ನಡುಗಿದುವು.

ಜುಲೈ ಕಳೆದು ಕಾಲುವೆಗೆ ನೀರು ಬಿಟ್ಟರು. ಗದ್ದೆಗಳಲ್ಲಿ ನಾಟಿ ಆರಂಭವಾಗಿ, ಗಾಳಿಯೆಲ್ಲ ತೇವದಿಂದ ಭಾರವಾಯಿತು. ಒಂದು ಮುಂಜಾನೆ ಹೋದಾಗ ದೋತಾರಾದ ಚರ್ಮ ಸಡಿಲಗೊಂಡು ಧ್ವನಿ ಮಂಕಾಗಿದ್ದಿತು. ಬಾಸಿನ ದಂಡಿಯ ಮೇಲೆ ಅಳತೆಪಟ್ಟಿಯನ್ನಿಟ್ಟರೆ ಸಂದು ಮತ್ತೆ ಕೂದಲೆಳೆಯಷ್ಟು ಬದಲಾಗಿದ್ದಿತು. ದಾದಾ ತಮ್ಮ ವಾದ್ಯವನ್ನು ಒಲೆಯ ಕಾವಿಗೆ ಹಿಡಿದು ಕುಳಿತರು. ನಾನು ಅಲೆನ್ ಕೀಲಿಯನ್ನು ತೆಗೆದುಕೊಂಡು ದಂಡಿಯ ಸರಳನ್ನು ಕಾಲು ಸುತ್ತು ತಿರುಗಿಸಿ, ನಾಳೆ ಬರುವೆನೆಂದು ಹೇಳಿ ಎದ್ದೆ.